ಹಾಲಿನೋರು ಲೆಕ್ಕ ಬಿಡ್ತಾರೆ, ಆಟದೋರು ಬಿಡಲ್ಲ: ತಿಂಗಳ ಚಂದಾ ಕಂಡರೆ ಗೇಮರ್‌ಗಳಿಗೆ ಯಾಕೆ ಸಿಟ್ಟು?

ಹೋದ ವರ್ಷ ಫೆಬ್ರವರಿಯಲ್ಲಿ ನನ್ನ ಚಿಕ್ಕಪ್ಪನ ಮಗ ಒಂದು ಆನ್‌ಲೈನ್ ರೋಲ್ ಪ್ಲೇಯಿಂಗ್ ಆಟಕ್ಕೆ ತಿಂಗಳ ಚಂದಾ ಕಟ್ಟಿದ. ಶಿರಾದಲ್ಲಿ ಡಿಗ್ರಿ ಓದುವ ಹುಡುಗ. ಇರೋದು ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್, ಇಂಟರ್ನೆಟ್ಟಿಗೆ ಮೊಬೈಲ್ ಹಾಟ್‌ಸ್ಪಾಟ್. ಮೊದಲ ವಾರ ಚೆನ್ನಾಗಿ ಆಡಿದ. ಎರಡನೇ ವಾರ ಇಂಟರ್ನಲ್ಸ್ ಬಂತು. ಆಮೇಲೆ ಮಧುಗಿರಿ ದಂಡಿನ ಮಾರಮ್ಮನ ಜಾತ್ರೆಗೆ ಅಂತ ಊರಿಗೆ ಬಂದವನು ಲ್ಯಾಪ್‌ಟಾಪ್ ರೂಮಿನಲ್ಲೇ ಬಿಟ್ಟಿದ್ದ. ಮೂವತ್ತು ದಿನದಲ್ಲಿ ಆಡಿದ್ದು ಒಂಬತ್ತೋ ಹತ್ತೋ ದಿನ. ತಿಂಗಳು ಮುಗಿಯುವ ಹಿಂದಿನ ದಿನ 'ನಾಳೆ ದುಡ್ಡು ಕಟ್ ಆಗುತ್ತೆ' ಅನ್ನೋ ಮೆಸೇಜ್ ಬಂದಾಗ ಅವನು ನನಗೆ ಹೇಳಿದ್ದು ಇಷ್ಟೇ: "ಹಾಲಿನೋರೂ ಊರಿಗೆ ಹೋಗ್ತೀವಿ ಅಂದ್ರೆ ಲೆಕ್ಕ ಬಿಡ್ತಾರೆ ಕಣಣ್ಣ. ಇವ್ರು ಬಿಡಲ್ಲ."

ಆಟದ ಚಂದಾ ಬಗ್ಗೆ ಇಂಗ್ಲಿಷಿನಲ್ಲಿ ಇಪ್ಪತ್ತೈದು ವರ್ಷದಿಂದ ನಡೆಯುತ್ತಿರುವ ಜಗಳವನ್ನು ಇಷ್ಟು ಚಿಕ್ಕದಾಗಿ ಹೇಳಿದ್ದನ್ನು ನಾನಂತೂ ಬೇರೆಲ್ಲೂ ಕೇಳಿಲ್ಲ. ವರ್ತನೆ ಹಾಲಿಗೂ ತಿಂಗಳ ಲೆಕ್ಕವೇ. ಆದರೆ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲು ಬಾರದ ದಿನಕ್ಕೆ ಒಂದು ಗೀಟು ಬೀಳುತ್ತೆ. ಹಾಸ್ಟೆಲ್‌ನಲ್ಲಿ 'ಮೆಸ್ ಕಟ್' ಬರೆಸಿದರೆ ಆ ದಿನದ ದುಡ್ಡು ಉಳಿಯುತ್ತೆ. ಆಟದ ಸರ್ವರ್‌ಗೆ ಮಾತ್ರ ಈ ಗೀಟು ಗೊತ್ತಿಲ್ಲ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲೂಕು ಸೇರಿದರೆ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಎಸ್ಸೆಸ್ಸೆಲ್ಸಿ ರಿಸಲ್ಟ್ ದಿನ ಬಿಟ್ಟರೆ ಈ ಹೆಸರು ಹೊರಗಿನವರ ಕಿವಿಗೆ ಬೀಳೋದು ಕಮ್ಮಿ. ಇಲ್ಲಿನ ಹುಡುಗರು ಆಡೋದು ಹೆಚ್ಚಾಗಿ ಫೋನಿನಲ್ಲಿ: ಬಿಜಿಎಂಐ, ಫ್ರೀ ಫೈರ್ ಮ್ಯಾಕ್ಸ್. ಪಾವಗಡದ ಸ್ಕ್ವಾಡ್ ಆದರೆ ಮೈಕ್ ಆನ್ ಆದ ಕೂಡಲೇ ಅರ್ಧ ತೆಲುಗು. ಇವು ರೋಲ್ ಪ್ಲೇಯಿಂಗ್ ಆಟಗಳಲ್ಲ, ಗುಂಡು ಹಾರಿಸುವ ಆಟಗಳು. ತಿಂಗಳ ಚಂದಾ ಕಟ್ಟಿ ಆಡುವ ದೊಡ್ಡ ರೋಲ್ ಪ್ಲೇಯಿಂಗ್ ಆಟಗಳು ಈ ಕಡೆ ಬೇರೂರಲೇ ಇಲ್ಲ. 'ಬಡವರು, ದುಡ್ಡು ಇಲ್ಲ' ಅಂತ ಒಂದೇ ಮಾತಲ್ಲಿ ಮುಗಿಸಿಬಿಡಬಹುದು. ಆದರೆ ಅದು ಅರ್ಧ ಸತ್ಯ. ದುಡ್ಡು ಹೋಗ್ತಾನೇ ಇದೆ, ಬೇರೆ ದಾರಿಯಲ್ಲಿ.

ಪಾರ್ಟು ಹಾಕಲು ದುಡ್ಡು

ರೋಲ್ ಪ್ಲೇಯಿಂಗ್ ಅಂದರೆ ಏನು ಅಂತ ನಮ್ಮ ಕಡೆಯ ಅಜ್ಜಂದಿರಿಗೆ ಬೇಗ ಅರ್ಥ ಆಗುತ್ತೆ. ಊರಲ್ಲಿ 'ಕುರುಕ್ಷೇತ್ರ' ನಾಟಕ ಕಲಿಯುವಾಗ ಪಾರ್ಟು ಹಾಕುವವರೇ ದುಡ್ಡು ಕೊಡೋದು. ಡ್ರಾಮಾ ಮೇಷ್ಟ್ರಿಗೆ, ಸೀನ್ಸು-ಡ್ರೆಸ್ಸಿಗೆ, ಹಾರ್ಮೋನಿಯಂನವರಿಗೆ. ದುರ್ಯೋಧನನ ಪಾರ್ಟಿಗೆ ಒಂದು ರೇಟು, ಕೃಷ್ಣನಿಗೆ ಇನ್ನೊಂದು, ದೂತನಿಗೆ ಚಿಲ್ಲರೆ. ಹಗಲು ಹೊಲ ಉತ್ತವನು ರಾತ್ರಿ ಗದೆ ಹಿಡಿದು ರಾಜನಾಗುತ್ತಾನೆ. ಅದಕ್ಕೆ ದುಡ್ಡು ಕೊಟ್ಟಿದ್ದಕ್ಕೆ ಯಾರೂ ಬೇಜಾರು ಮಾಡಿಕೊಂಡಿಲ್ಲ.

ಆನ್‌ಲೈನ್ ಆಟದಲ್ಲೂ ನೀವೊಂದು ಪಾತ್ರ ಕಟ್ಟುತ್ತೀರಿ. ಯೋಧನೋ ಮಾಂತ್ರಿಕನೋ. ಸಾವಿರಾರು ಜನ ಒಂದೇ ಲೋಕದಲ್ಲಿ ಒಟ್ಟಿಗೆ ಇರ್ತಾರೆ. ನೀವು ಮಲಗಿದಾಗಲೂ ಆ ಲೋಕ ನಡೆಯುತ್ತಲೇ ಇರುತ್ತೆ. ತಿಂಗಳ ಚಂದಾಗೆ ಕಂಪನಿಗಳು ಕೊಟ್ಟ ಕಾರಣವೂ ಇದೇ: ಸರ್ವರ್ ಸದಾ ಓಡಬೇಕು, ಮೋಸಗಾರರನ್ನು ಹಿಡಿಯಲು ಜನ ಬೇಕು, ಹೊಸ ಹೊಸ ಕಥೆ ಸೇರಿಸುತ್ತಾ ಹೋಗಬೇಕು. 1997ರ 'ಅಲ್ಟಿಮಾ ಆನ್‌ಲೈನ್' ತಿಂಗಳಿಗೆ 9.95 ಡಾಲರ್ ಕೇಳಿತು. 2004ರ ನವೆಂಬರ್‌ನಲ್ಲಿ ಬಂದ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' 14.99 ಡಾಲರ್ ಕೇಳಿತು. ಅಮೆರಿಕದಲ್ಲಿ ಇವತ್ತಿಗೂ ಅದೇ ರೇಟು. 2010ರಲ್ಲಿ ಅದಕ್ಕೆ 1.2 ಕೋಟಿ ಚಂದಾದಾರರಿದ್ದರು.

ಆಗಿನಿಂದ ಆಟಗಾರರಲ್ಲಿ ಎರಡು ಪಂಗಡ. ಚಂದಾ ಬೇಕು ಅನ್ನುವವರ ವಾದ ಸರಳ: ಎಲ್ಲರೂ ಒಂದೇ ದುಡ್ಡು ಕೊಟ್ಟರೆ ಎಲ್ಲರೂ ಸಮ. ಕತ್ತಿ ಗೆಲ್ಲಬೇಕಾದರೆ ಆಡಿ ಗೆಲ್ಲಬೇಕು, ಕಾರ್ಡ್ ಉಜ್ಜಿ ಅಲ್ಲ. ಬೇಡ ಅನ್ನುವವರ ಸಿಟ್ಟು ಮೂರ್ನಾಲ್ಕು ಬಗೆಯದು. ಆಟವನ್ನು ಒಮ್ಮೆ ಕೊಂಡ ಮೇಲೆ ತಿಂಗಳು ತಿಂಗಳು ಮತ್ತೆ ಯಾಕೆ ಕೊಡಬೇಕು? ದುಡ್ಡು ಕಟ್ಟಿದ್ದೀನಲ್ಲ ಅಂತ ಮನಸ್ಸಿಲ್ಲದಿದ್ದರೂ ಆಡುವ ಹಾಗಾಗುತ್ತೆ, ಆಟವೇ ಡ್ಯೂಟಿ ಆಗುತ್ತೆ. ಕಟ್ಟೋದು ನಿಲ್ಲಿಸಿದ ದಿನ ವರ್ಷಗಟ್ಟಲೆ ಬೆಳೆಸಿದ ಪಾತ್ರ ಬೀಗದೊಳಗೆ. 'ಫೈನಲ್ ಫ್ಯಾಂಟಸಿ 14'ರಲ್ಲಿ ಇನ್ನೂ ತಮಾಷೆ ಇದೆ. ಆಟದೊಳಗೆ ಮನೆ ಕೊಳ್ಳಬಹುದು. ಆದರೆ 45 ದಿನ ಆ ಮನೆಗೆ ಕಾಲಿಡದಿದ್ದರೆ ಮನೆ ನೆಲಸಮ. ಆಟ ಸಾಕಾದರೂ ಮನೆ ಉಳಿಸಿಕೊಳ್ಳಲಿಕ್ಕೆ ಅಂತಲೇ ಚಂದಾ ಕಟ್ಟುವವರಿದ್ದಾರೆ.

ಆಟಗಾರರ ಸಿಟ್ಟಿಗೆ ಬೆಲೆ ಇಲ್ಲ ಅಂತ ಅಂದುಕೊಳ್ಳಬೇಡಿ. 2011ರ ಡಿಸೆಂಬರ್‌ನಲ್ಲಿ ಚಂದಾ ಇಟ್ಟುಕೊಂಡು ಬಂದ 'ಸ್ಟಾರ್ ವಾರ್ಸ್: ದಿ ಓಲ್ಡ್ ರಿಪಬ್ಲಿಕ್' ವರ್ಷ ತುಂಬುವ ಮೊದಲೇ ಪುಕ್ಕಟೆ ಬಾಗಿಲು ತೆರೆಯಿತು. 'ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್' 2014ರ ಏಪ್ರಿಲ್‌ನಲ್ಲಿ ಚಂದಾ ಕಡ್ಡಾಯ ಮಾಡಿ 2015ರ ಮಾರ್ಚ್‌ನಲ್ಲಿ ತೆಗೆದುಹಾಕಿತು. 2025ರ ಜನವರಿಯಲ್ಲಿ 'ರೂನ್‌ಸ್ಕೇಪ್' ನಡೆಸುವ ಬ್ರಿಟನ್ನಿನ ಜಾಗೆಕ್ಸ್ ಕಂಪನಿ ಚಂದಾದಲ್ಲಿ ಹೊಸ ಹಂತಗಳನ್ನು, ಅದರಲ್ಲೂ ದುಡ್ಡು ಕಟ್ಟಿದವರಿಗೂ ಜಾಹೀರಾತು ತೋರಿಸುವಂಥದ್ದನ್ನು, ಸಮೀಕ್ಷೆಯಲ್ಲಿ ತೇಲಿಬಿಟ್ಟಿತು. ಆಟಗಾರರು ಸಾಲಾಗಿ ಚಂದಾ ರದ್ದು ಮಾಡತೊಡಗಿದರು. ಕೆಲವೇ ದಿನದಲ್ಲಿ ಕಂಪನಿ ಹಿಂದೆ ಸರಿದು ಕ್ಷಮೆ ಕೇಳಿತು.

ನಮ್ಮ ತಿಂಗಳು 28 ದಿನದ್ದು

ಈಗ ಇದನ್ನು ಕೊರಟಗೆರೆ ಬಸ್ ಸ್ಟ್ಯಾಂಡಿಗೆ ತಂದು ನೋಡಿ. 14.99 ಡಾಲರ್ ಅಂದರೆ ಸುಮಾರು 1,300 ರೂಪಾಯಿ. ಅಮೆರಿಕದ ಕೇಂದ್ರ ಸರ್ಕಾರ ನಿಗದಿ ಮಾಡಿರುವ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್. ಅಲ್ಲಿನ ಹುಡುಗ ಎರಡು ಗಂಟೆಗಿಂತ ತುಸು ಹೆಚ್ಚು ದುಡಿದರೆ ಒಂದು ತಿಂಗಳ ಚಂದಾ. 2025–26ಕ್ಕೆ ಕರ್ನಾಟಕಕ್ಕೆ ನಿಗದಿಯಾದ ನರೇಗಾ ದಿನಗೂಲಿ 370 ರೂಪಾಯಿ. ನಮ್ಮ ಹುಡುಗ ಮೂರೂವರೆ ದಿನ ಗುಂಡಿ ತೋಡಬೇಕು. ಬೇರೆ ಬೇರೆ ದೇಶಕ್ಕೆ ಬೇರೆ ರೇಟು ಇಡುವ ಕಂಪನಿಗಳಿವೆ, ಹೌದು. ಆದರೂ ಈ ಕಂದಕ ಪೂರ್ತಿ ಮುಚ್ಚುವಷ್ಟು ಯಾರೂ ಇಳಿಸೋದಿಲ್ಲ.

ಅದಕ್ಕೂ ಮೊದಲು ಇನ್ನೊಂದು ಚಂದಾ ಕಟ್ಟಿ ಆಗಿರುತ್ತೆ. ಅದೇ ರೀಚಾರ್ಜ್. 2016ರ ಸೆಪ್ಟೆಂಬರ್ 5ರಂದು ಜಿಯೋ ಬಂದಾಗ ಡೇಟಾ ಪುಕ್ಕಟೆ ಅನ್ನಿಸಿತ್ತು. ಇಲ್ಲಿನ ಹುಡುಗರು ಗೇಮರ್ ಆಗಿದ್ದೇ ಆಗ. 2024ರ ಜುಲೈ 3ಕ್ಕೆ ಅದೇ ಜಿಯೋ 239ರ ಪ್ಯಾಕನ್ನು 299 ಮಾಡಿತು. ದಿನಕ್ಕೆ ಒಂದೂವರೆ ಜಿಬಿ, 28 ದಿನ. ಏರ್‌ಟೆಲ್, ವಿಐ ಕೂಡ ಅದೇ ವಾರ ಏರಿಸಿದವು. 28 ದಿನದ ತಿಂಗಳು ಅಂದರೆ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ರೀಚಾರ್ಜ್. ಲೆಕ್ಕ ಹಾಕಿ, 3,887 ರೂಪಾಯಿ. ಈ ಹದಿಮೂರನೇ ತಿಂಗಳ ಮೇಲೆ ಗ್ರಾಹಕರ ದೂರು ಜಾಸ್ತಿಯಾಗಿಯೇ ಟ್ರಾಯ್ 2022ರ ಜನವರಿಯಲ್ಲಿ ಆದೇಶ ಮಾಡಿ, ಪ್ರತಿ ಕಂಪನಿಯೂ ಕನಿಷ್ಠ ಒಂದು 30 ದಿನದ ಪ್ಲಾನ್ ಇಡಲೇಬೇಕು ಅಂದಿತು. ಪ್ರತಿ ಬಗೆಯ ವೋಚರ್‌ನಲ್ಲಿ ಒಂದೊಂದು ಇದ್ದರೆ ಸಾಕು ಅನ್ನೋದು ಆದೇಶ. ಕಂಪನಿಗಳು ಎಷ್ಟು ಇಟ್ಟವು ಅಂತ ನಿಮ್ಮ ರೀಚಾರ್ಜ್ ಆ್ಯಪ್ ತೆರೆದು ನೋಡಿಕೊಳ್ಳಿ.

ದಿನಕ್ಕೆ ಒಂದೂವರೆ ಜಿಬಿಯಂತೆ 28 ದಿನಕ್ಕೆ 42 ಜಿಬಿ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಹಾಕಲು ಕಂಪ್ಯೂಟರಿನಲ್ಲಿ 128 ಜಿಬಿ ಜಾಗ ಬೇಕು ಅನ್ನುತ್ತೆ ಕಂಪನಿ. ಬ್ರಾಡ್‌ಬ್ಯಾಂಡೂ 5ಜಿಯೂ ಇಲ್ಲದ ಹಳ್ಳಿಯಲ್ಲಿ ಆಟ ಇಳಿಸಿಕೊಳ್ಳಲಿಕ್ಕೇ ಎರಡು ಮೂರು ರೀಚಾರ್ಜ್ ಹೋದವು. ಆಮೇಲೆ ಆಟದ ಚಂದಾ. ಅದರ ಮೇಲೆ ಶೇ 18 ಜಿಎಸ್‌ಟಿ. ಹಾಗಾಗಿ ಈ ಕಡೆಯ ಹುಡುಗ 'ತಿಂಗಳ ಚಂದಾನಾ? ಬೇಡಪ್ಪ' ಅಂದರೆ ಅದು ಜಿಪುಣತನ ಅಲ್ಲ. ಒಂದು ಬಾಡಿಗೆ ಆಗಲೇ ಕಟ್ಟುತ್ತಿರುವವನು ಎರಡನೇ ಬಾಡಿಗೆ ಒಲ್ಲೆ ಅನ್ನುತ್ತಿದ್ದಾನೆ.

ಭಾರತದಲ್ಲಿ ಈ ಪ್ರಯೋಗ ನಡೆದೇ ಇಲ್ಲ ಅಂತಲ್ಲ. ಎರಡು ಸಾವಿರದ ದಶಕದ ನಡುವಿನಲ್ಲಿ ಲೆವೆಲ್ ಅಪ್ ಕಂಪನಿ ಕೊರಿಯಾದ 'ರಾಗ್ನರಾಕ್ ಆನ್‌ಲೈನ್' ಅನ್ನು, ಸಿಫಿ 'ಎ3' ಅನ್ನು ಇಲ್ಲಿಗೆ ತಂದಿದ್ದವು. ಎರಡೂ ಉಳಿಯಲಿಲ್ಲ. ಆಗ ಆಟ ಅಂದರೆ ಸೈಬರ್ ಸೆಂಟರ್. ಗಂಟೆಗೆ ಇಷ್ಟು ಅಂತ ಕೊಟ್ಟು ಕೂತು ಕೌಂಟರ್ ಸ್ಟ್ರೈಕ್ ಆಡಿ ಎದ್ದು ಬರೋದು. ಕರೆಂಟ್ ಹೋದರೆ ಉಳಿದ ನಿಮಿಷ ನಾಳೆಗೆ. ನಮಗೆ ಹೊಂದುವ ಲೆಕ್ಕ ನಮ್ಮೂರ ಸೈಬರ್ ಸೆಂಟರ್‌ನವರಿಗೆ ಗೊತ್ತಿತ್ತು.

ಚೀನಾಕ್ಕೂ ಗೊತ್ತಿತ್ತು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ 2005ರಲ್ಲಿ ಅಲ್ಲಿಗೆ ಹೋದಾಗ ತಿಂಗಳ ಚಂದಾ ಇಡಲಿಲ್ಲ, ಅದೇ ಕಂಪನಿಯ ಅದೇ ಆಟವಾದರೂ! 30 ಯುವಾನ್‌ಗೆ ಒಂದು ಕಾರ್ಡು, ಅದಕ್ಕೆ 4,000 ನಿಮಿಷ, ಅಂದರೆ 66 ಗಂಟೆ 40 ನಿಮಿಷ. ಆಡಿದರೆ ಮಾತ್ರ ನಿಮಿಷ ಕರಗುತ್ತೆ. ಪರೀಕ್ಷೆ ಬಂತು, ಕೊಯ್ಲು ಬಂತು, ಹಬ್ಬಕ್ಕೆ ಊರಿಗೆ ಹೋದ, ನಿಮಿಷ ಹಾಗೇ ಇರುತ್ತೆ. ಮುಂದೆ ಅಲ್ಲೂ ತಿಂಗಳ ಚಂದಾ ಬಂತು ಬಿಡಿ. ಆದರೆ ಕೆಲಸಗಾರರು, ವಿದ್ಯಾರ್ಥಿಗಳು ಇಂಟರ್ನೆಟ್ ಕೆಫೆಗಳಲ್ಲಿ ಕೂತು ಆಡುವ ಕಾಲದಲ್ಲಿ ಆ ಆಟ ಲಕ್ಷಗಟ್ಟಲೆ ಜನಕ್ಕೆ ತಲುಪಿದ್ದು ಈ ನಿಮಿಷದ ಲೆಕ್ಕದಿಂದ. ತಪ್ಪು ಚಂದಾದಲ್ಲಿ ಇಲ್ಲ, 'ತಿಂಗಳು' ಅನ್ನೋ ಅಳತೆಯಲ್ಲಿದೆ ಅಂತ ನಾನು ಹೇಳೋದು ಇದನ್ನು ನೋಡಿಯೇ.

ಪುಕ್ಕಟೆಯ ಬೆಲೆ

ಚಂದಾ ಬೇಡ ಅಂದಿದ್ದಕ್ಕೆ ಬಂದದ್ದು ಪುಕ್ಕಟೆ ಆಟ. ಇಳಿಸಿಕೊಳ್ಳೋದು ಫ್ರೀ, ಆಡೋದು ಫ್ರೀ. ಯುಸಿ, ಡೈಮಂಡ್ ಅಂತ ಒಂದು ನಕಲಿ ನಾಣ್ಯ. ಬಂದೂಕಿಗೆ ಬಣ್ಣ, ಮೈಗೆ ಬಟ್ಟೆ, ರಾಯಲ್ ಪಾಸ್. ಸ್ವಲ್ಪ ಸ್ವಲ್ಪ, ಯುಪಿಐನಲ್ಲಿ. ಒಂದು ರೂಪಾಯಿ ಶಾಂಪೂ ಸ್ಯಾಶೆ ಮಾರಿದ ಬುದ್ಧಿಯೇ ಇದು. ಬಾಟಲಿ ಕೊಳ್ಳಲಾಗದವನು ಸ್ಯಾಶೆಗೆ ವರ್ಷದಲ್ಲಿ ಎಷ್ಟು ಹಾಕಿದ ಅಂತ ಯಾರೂ ಕೂಡಿಸೋದಿಲ್ಲ. ನಾಟಕದ ಲೆಕ್ಕಕ್ಕೆ ಬಂದರೆ, ಇಲ್ಲಿ ದುರ್ಯೋಧನನ ಪಾರ್ಟಿಗೆ ರೇಟೇ ಹೇಳೋದಿಲ್ಲ. ಕಿರೀಟಕ್ಕೆ ಒಂದು, ಗದೆಗೆ ಒಂದು, ಮೀಸೆಗೆ ಇನ್ನೊಂದು ಅಂತ ಆಟ ನಡೆಯುತ್ತಿದ್ದಂತೆ ಕೇಳ್ತಾ ಹೋಗೋದು.

ಎರಡನ್ನೂ ಕಲಸಿದ ಮಾದರಿಯೂ ಇದೆ. 2020ರ ಸೆಪ್ಟೆಂಬರ್‌ನಲ್ಲಿ ಬಂದ ರೋಲ್ ಪ್ಲೇಯಿಂಗ್ ಆಟ 'ಗೆನ್‌ಶಿನ್ ಇಂಪ್ಯಾಕ್ಟ್'ನಲ್ಲಿ ಆಟ ಪುಕ್ಕಟೆ. ಬೇಕಾದರೆ 30 ದಿನದ ಒಂದು ಪಾಸ್ ಕೊಳ್ಳಬಹುದು. ದಿನಕ್ಕೆ 90 ರತ್ನ ಸಿಗುತ್ತೆ. ಆದರೆ ಆ ದಿನ ಲಾಗಿನ್ ಆದರೆ ಮಾತ್ರ. ತಪ್ಪಿಸಿದ ದಿನದ್ದು ಹೋಯ್ತು. ಹಾಲು ತಂದವರು, ನೀವು ಬಾಗಿಲು ತೆಗೆಯಲಿಲ್ಲ ಅಂತ ಚರಂಡಿಗೆ ಸುರಿದು ಹೋದ ಹಾಗೆ.

ಪುಕ್ಕಟೆ ಆಟದ ಇನ್ನೊಂದು ಬೆಲೆ ನಿಷೇಧ ಬಂದಾಗ ಗೊತ್ತಾಯ್ತು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್‌ಜಿ ಮೊಬೈಲ್ ಸೇರಿ 118 ಆ್ಯಪ್‌ಗಳನ್ನು ನಿಷೇಧಿಸಿತು. ಅಕ್ಟೋಬರ್ 30ಕ್ಕೆ ಸರ್ವರ್ ಬಂದ್. ದುಡ್ಡು ಕೊಟ್ಟು ಕೊಂಡ ಬಟ್ಟೆಬರೆ ಎಲ್ಲೋ ಒಂದು ಕಂಪ್ಯೂಟರಿನಲ್ಲಿದೆ, ಇವರ ಕೈಗೆ ಸಿಗೋದಿಲ್ಲ. 2021ರ ಜುಲೈನಲ್ಲಿ ಬಿಜಿಎಂಐ ಬಂದಾಗ ಹಳೆಯ ಖಾತೆ ವರ್ಗ ಮಾಡಿಕೊಳ್ಳಲು ಬಿಟ್ಟರು, ಅದಕ್ಕೂ ಆ ವರ್ಷದ ಡಿಸೆಂಬರ್ ಕೊನೆಯ ಗಡುವು. 2022ರ ಜುಲೈ 28ರಂದು ಬಿಜಿಎಂಐ ಕೂಡ ಆ್ಯಪ್ ಸ್ಟೋರ್‌ಗಳಿಂದ ಮಾಯ. ಮತ್ತೆ ಬಂದಿದ್ದು 2023ರ ಮೇ ಕೊನೆಗೆ. ಯೋಚನೆ ಮಾಡಿ: ಚಂದಾ ಕಟ್ಟಿದವನಿಗೆ ಆಟ ನಿಂತರೆ ನಷ್ಟ ಹೆಚ್ಚೆಂದರೆ ಉಳಿದ ದಿನಗಳದ್ದು. ಸ್ಕಿನ್ ಕೊಂಡವನಿಗೆ ಮೂರು ವರ್ಷದ್ದು. ಈ ಒಂದು ವಿಷಯದಲ್ಲಿ ಚಂದಾ ಹೆಚ್ಚು ಪ್ರಾಮಾಣಿಕ ವ್ಯವಹಾರ ಅಂತ ನನಗನ್ನಿಸುತ್ತೆ. ಎಷ್ಟು ಹೋಗುತ್ತೆ ಅಂತ ಮೊದಲೇ ಗೊತ್ತಿರುತ್ತಲ್ಲ.

ಬಾಡಿಗೆ ಅಂದರೆ ಏನು ಅಂತ ಪಾವಗಡದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತಿರುಮಣಿ, ವಳ್ಳೂರು, ಬಾಲಸಮುದ್ರ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ನಿಂತಿರೋದು ರೈತರು ಗುತ್ತಿಗೆಗೆ ಕೊಟ್ಟ ಜಮೀನಿನ ಮೇಲೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಜಮೀನು ಇಲ್ಲದ ಕೂಲಿಯವರಿಗೆ ಏನು ಸಿಕ್ಕಿತು ಅನ್ನೋ ಪ್ರಶ್ನೆ ಹಾಗೇ ಇದೆ, ಅದು ಬೇರೆ ಲೇಖನದ ವಿಷಯ. ಆದರೆ ಗುತ್ತಿಗೆ ಪತ್ರದಲ್ಲಿ ಎಷ್ಟು ದುಡ್ಡು, ಯಾವಾಗ ಏರುತ್ತೆ, ಜಮೀನು ಯಾರದ್ದು ಅಂತ ಬರೆದಿದೆ. ಆಟದ ಕಂಪನಿಯ ಷರತ್ತಿನಲ್ಲಿ ಬೆಲೆಯನ್ನು, ನಿಯಮವನ್ನು, ಆಟವನ್ನೇ ಬದಲಿಸುವ ಹಕ್ಕು ಒಂದೇ ಕಡೆಯವರದ್ದು. ನಾವು ಓದದೆ 'ಒಪ್ಪಿದೆ' ಅಂತ ಒತ್ತಿರುತ್ತೇವೆ.

ಇದನ್ನು ಪ್ರಶ್ನೆ ಮಾಡುವವರು ಹೊರಗೆ ಗಟ್ಟಿಯಾಗಿದ್ದಾರೆ. 2024ರ ಮಾರ್ಚ್ 31ಕ್ಕೆ ಯೂಬಿಸಾಫ್ಟ್ ಕಂಪನಿ 'ದಿ ಕ್ರೂ' ಅನ್ನೋ ಆಟದ ಸರ್ವರ್ ಮುಚ್ಚಿತು. ದುಡ್ಡು ಕೊಟ್ಟು ಕೊಂಡವರಿಗೂ ಆಟ ಇಲ್ಲ. ಅದರಿಂದ ಹುಟ್ಟಿದ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಚಳವಳಿ ಯುರೋಪಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸಹಿ ಸಂಗ್ರಹಿಸಿತು. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಕಾನೂನೇ ಇದೆ: ಕೊಡುತ್ತಿರೋದು ಬರೀ ಲೈಸೆನ್ಸ್ ಆಗಿದ್ದರೆ ಅದನ್ನು ಹೇಳದೆ 'ಕೊಳ್ಳಿ' ಅನ್ನೋ ಪದ ಬಳಸುವಂತಿಲ್ಲ.

ನಮ್ಮ ಕಾನೂನು ಎಲ್ಲಿ ಗೆರೆ ಎಳೆದಿದೆ

ನಮ್ಮಲ್ಲಿ ಚರ್ಚೆ ಪೂರ್ತಿ ಜೂಜಿನ ಸುತ್ತಲೇ ತಿರುಗಿತು. ಅದಕ್ಕೆ ಕಾರಣವೂ ಇದೆ, ರಮ್ಮಿಯಲ್ಲಿ ಮನೆ ಕಳಕೊಂಡವರು ಎಲ್ಲ ಊರಲ್ಲೂ ಇದ್ದಾರೆ. 2021ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ದುಡ್ಡಿನ ಆಟಗಳನ್ನು ನಿಷೇಧಿಸಿದ್ದನ್ನು 2022ರ ಫೆಬ್ರವರಿ 14ರಂದು ಹೈಕೋರ್ಟ್ ಹೊಡೆದುಹಾಕಿತು. ಆಮೇಲೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಎರಡೇ ದಿನದಲ್ಲಿ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆ ಪಾಸು ಮಾಡಿತು. ದುಡ್ಡು ಹಾಕಿ ದುಡ್ಡು ಗೆಲ್ಲುವ ಆಸೆ ತೋರಿಸುವ ಆಟ ನಡೆಸಿದರೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಆಡುವವರಿಗೆ ಶಿಕ್ಷೆ ಇಲ್ಲ.

ಗದ್ದಲದಲ್ಲಿ ಹೆಚ್ಚಿನವರು ಗಮನಿಸದ ಒಂದು ಸಾಲು ಆ ಕಾಯ್ದೆಯ ವ್ಯಾಖ್ಯೆಯಲ್ಲಿದೆ. 'ಆನ್‌ಲೈನ್ ಸೋಷಿಯಲ್ ಗೇಮ್' ಅಂದರೆ ಯಾವುದು ಅಂತ ಹೇಳುವಾಗ, ಅದಕ್ಕೆ ಚಂದಾ ಅಥವಾ ಒಂದು ಸಲದ ಪ್ರವೇಶ ಶುಲ್ಕ ತೆಗೆದುಕೊಳ್ಳಬಹುದು, ಆ ಶುಲ್ಕ ಪಣದ ರೂಪದಲ್ಲಿ ಇರಬಾರದು ಅಷ್ಟೇ, ಅಂತ ಬರೆದಿದೆ. ಅಂದರೆ ತಿಂಗಳ ಚಂದಾಗೆ ಭಾರತದ ಕಾನೂನಿನಲ್ಲಿ ಹೆಸರು ಹಿಡಿದು ಒಪ್ಪಿಗೆ ಸಿಕ್ಕಿತು. ದುಡ್ಡಿನ ಆಟಗಳಿಂದ ಬರುತ್ತಿದ್ದ ಆದಾಯ ಬಂದ್ ಆದ ಮೇಲೆ ಕಂಪನಿಗಳು ಈ ಬಾಗಿಲ ಕಡೆ ತಿರುಗುತ್ತವೆ ಅಂತ ಊಹಿಸೋಕೆ ಜ್ಯೋತಿಷ್ಯ ಬೇಡ. ಆದರೆ ಚಂದಾ ತೆಗೆದುಕೊಂಡವರು ಸರ್ವರ್ ಮುಚ್ಚಿದರೆ ಏನು ವಾಪಸ್ ಕೊಡಬೇಕು, ಆಡದ ದಿನದ ಲೆಕ್ಕ ಏನು, ಬೆಲೆ ಏರಿಸಲು ಎಷ್ಟು ದಿನ ಮೊದಲು ಹೇಳಬೇಕು ಅಂತ ಆ ವ್ಯಾಖ್ಯೆ ಹೇಳೋದಿಲ್ಲ.

ಆಟದ ಕಾಯ್ದೆಯ ಹೊರಗೆ ಎರಡು ಆಸರೆಗಳಿವೆ. ಒಂದು ರಿಸರ್ವ್ ಬ್ಯಾಂಕಿನ ನಿಯಮ. 2021ರ ಅಕ್ಟೋಬರ್ 1ರಿಂದ, ತಾನಾಗಿ ಕಟ್ ಆಗುವ ಪಾವತಿಗೆ ಕನಿಷ್ಠ 24 ಗಂಟೆ ಮೊದಲು ತಿಳಿಸಬೇಕು, ಬೇಡ ಅನ್ನಲು ಅವಕಾಶ ಕೊಡಬೇಕು. ನನ್ನ ತಮ್ಮನಿಗೆ ಬಂದ ಮೆಸೇಜ್ ಅದೇ. ಎರಡನೇದು 2023ರ ನವೆಂಬರ್ 30ರಂದು ಗ್ರಾಹಕ ರಕ್ಷಣಾ ಪ್ರಾಧಿಕಾರ ಹೊರಡಿಸಿದ 'ಡಾರ್ಕ್ ಪ್ಯಾಟರ್ನ್' ಮಾರ್ಗಸೂಚಿ. ಗ್ರಾಹಕರನ್ನು ಯಾಮಾರಿಸುವ 13 ತಂತ್ರಗಳನ್ನು ಅದು ಪಟ್ಟಿ ಮಾಡಿದೆ. ಅದರಲ್ಲಿ ಚಂದಾ ಬಲೆಯೂ ಒಂದು. ರದ್ದು ಮಾಡುವ ಬಟನ್ ಅಡಗಿಸಿಡೋದು, ರದ್ದು ಮಾಡಲು ಹೋದವನನ್ನು ಸುತ್ತಾಡಿಸೋದು, ಫ್ರೀ ಟ್ರಯಲ್‌ಗೂ ಕಾರ್ಡ್ ವಿವರ ಕೇಳೋದು ಎಲ್ಲ ಇದರೊಳಗೆ ಬರುತ್ತೆ.

ಹಳ್ಳಿಯ ಮನೆಗಳಲ್ಲಿ ಇನ್ನೊಂದು ತೊಡಕಿದೆ. ಫೋನ್ ಮಗನ ಕೈಲಿ, ಯುಪಿಐ ಅಪ್ಪನ ಖಾತೆಗೆ. ಗೂಗಲ್ ಪ್ಲೇ 2022ರ ನವೆಂಬರ್‌ನಲ್ಲಿ ಚಂದಾಗಳಿಗೆ ಯುಪಿಐ ಆಟೋಪೇ ತಂದ ಮೇಲೆ ಕಾರ್ಡ್ ಇಲ್ಲದ ಮನೆಗೂ ತಿಂಗಳ ಚಂದಾ ಬರಲು ದಾರಿಯಾಯ್ತು. ಒಮ್ಮೆ ಪಿನ್ ಒತ್ತಿದರೆ ಮುಂದಿನ ತಿಂಗಳು ತಾನೇ ಹೋಗುತ್ತೆ. ಕಡಲೆಕಾಯಿ ಮಾರಿದ ದುಡ್ಡು, ಹಾಲಿನ ಡೇರಿ ದುಡ್ಡು ಬಂದು ಬೀಳುವ ಖಾತೆಯೂ ಅದೇ. 24 ಗಂಟೆ ಮೊದಲಿನ ಆ ಮೆಸೇಜ್ ಇಂಗ್ಲಿಷಿನಲ್ಲಿದ್ದು, ಓದುವವರು ಅಪ್ಪ ಆಗಿದ್ದರೆ ನಿಯಮ ಇದ್ದೂ ಇಲ್ಲದ ಹಾಗೆ.

ಹಾಗಾಗಿ ಇದನ್ನು ಓದುತ್ತಿರುವವರು ಇವತ್ತೇ ಒಂದು ಕೆಲಸ ಮಾಡಬಹುದು. ಮನೆಯವರ ಫೋನ್‌ಪೇ, ಗೂಗಲ್ ಪೇ ಏನಿದೆಯೋ ತೆರೆದು 'ಆಟೋಪೇ' ಅನ್ನೋ ಕಡೆ ನೋಡಿ. ಯಾವ್ಯಾವ ಮ್ಯಾಂಡೇಟ್ ಚಾಲ್ತಿಯಲ್ಲಿದೆ ಅಂತ ಅಲ್ಲಿರುತ್ತೆ, ಅಲ್ಲೇ ರದ್ದು ಮಾಡಬಹುದು, ಆಟದ ಒಳಗೆ ಹೋಗಿ ಬಟನ್ ಹುಡುಕಬೇಕಾಗಿಲ್ಲ. ರದ್ದು ಮಾಡಿದ ಮೇಲೂ ದುಡ್ಡು ಹೋದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಹೇಳಬಹುದು. ತಮ್ಮ ತನ್ನ ಚಂದಾ ರದ್ದು ಮಾಡಿ, ಪರೀಕ್ಷೆ ಮುಗಿದ ಮೇಲೆ ಏಪ್ರಿಲ್‌ನಲ್ಲಿ ಮತ್ತೆ ಒಂದು ತಿಂಗಳಿಗೆ ಕಟ್ಟಿದ. ಈ ಸಲ ರಜೆ ಶುರುವಾದ ದಿನವೇ ಕಟ್ಟಿ, ಆಟೋಪೇ ಅವತ್ತೇ ತೆಗೆದು, ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಗೀಟಿನ ಪಕ್ಕದಲ್ಲಿ ತನ್ನದೂ ಒಂದೊಂದು ಗೀಟು ಎಳೆದುಕೊಂಡು ಆಡಿದ.